ಕರಿಬಸಮ್ಮನ ಅಟ್ಟ

ಗುಬ್ಬಿಯ ಹಳೇ ಮಂಡಿ ಬೀದಿಯಲ್ಲಿ ಇರುವುದು ಇಪ್ಪತ್ತೆರಡು ಮನೆ. ಅಷ್ಟೂ ಮನೆಯವರನ್ನು ಒಂದು ಮಾತಿಗೆ ತರುವುದಕ್ಕೆ ಬಸವಪ್ರಭುವಿಗೆ ನಾಲ್ಕು ತಿಂಗಳು ಹಿಡಿಯಿತು. ಕೊನೆಗೂ ಒಪ್ಪದೆ ಉಳಿದವಳು ಅವನ ತಾಯಿ ಕರಿಬಸಮ್ಮ ಒಬ್ಬಳೇ.

ಇದೆಲ್ಲ ಶುರುವಾದದ್ದು ಯುಗಾದಿ ಕಳೆದ ವಾರ, ಬೀದಿಯ ತುದಿಯ ವೀರಭದ್ರಯ್ಯನ ಮನೆಗೆ ಬೆಂಕಿ ಬಿದ್ದಾಗ. ಮಟಮಟ ಮಧ್ಯಾಹ್ನ. ಫೈರ್ ಎಂಜಿನ್ ಬೇಗನೇ ಬಂತು, ಬಂದು ಬೀದಿಯ ಬಾಯಲ್ಲೇ ನಿಂತಿತು. ಒಬ್ಬರ ಜಗಲಿ, ಇನ್ನೊಬ್ಬರ ಶೀಟಿನ ಮಾಡು, ಮತ್ತೊಬ್ಬರು ಬೀದಿಗೇ ಇಳಿಸಿದ್ದ ಮೆಟ್ಟಿಲು, ನಡುವೆ ಅಡ್ಡಾದಿಡ್ಡಿ ನಿಂತ ಬೈಕುಗಳು. ಪೈಪು ಎಳೆದುಕೊಂಡು ಅಲ್ಲಿಯ ತನಕ ಹೋಗುವಷ್ಟರಲ್ಲಿ ಒಳಗೆ ಉಳಿಸುವಂಥದ್ದು ಏನೂ ಇರಲಿಲ್ಲ. ಯಾರ ಜೀವವೂ ಹೋಗಲಿಲ್ಲ ಅನ್ನುವುದೊಂದೇ ಪುಣ್ಯ. ವೀರಭದ್ರಯ್ಯನ ಹೆಂಡತಿ ಅವತ್ತು ಒಂದು ಕುಕ್ಕರ್ ತಬ್ಬಿಕೊಂಡು ಬೀದಿಯಲ್ಲಿ ಕೂತಿದ್ದಳು. ಯಾಕೆ ಅದನ್ನೇ ಎತ್ತಿಕೊಂಡು ಬಂದೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಬೆಂಕಿ ಆರಿದ ಮೇಲೆ ಬಿಸಿ ತಟ್ಟಿದ್ದು ಮಿಕ್ಕವರಿಗೆ. ಬ್ಯಾಂಕಿನಲ್ಲಿ ಮನೆಸಾಲ ತೆಗೆದವರೆಲ್ಲ ಮನೆಗೆ ಇನ್ಷೂರೆನ್ಸ್ ಮಾಡಿಸಲೇಬೇಕು. ಹಳೇ ಮನೆಗಳು, ಇಕ್ಕಟ್ಟು ಬೀದಿ, ಈಗೊಂದು ಮನೆ ಸುಟ್ಟೂ ಹೋಗಿದೆ ಅಂತ ಕಂಪನಿಯವರು ಪ್ರೀಮಿಯಂ ಹೆಚ್ಚುಕಡಿಮೆ ದುಪ್ಪಟ್ಟು ಮಾಡಿದರು. ಆ ಸುದ್ದಿ ತಂದವನು ಏಜೆಂಟ್ ರವೀಶ್. ಅದಕ್ಕೊಂದು ದಾರಿ ತಂದವನೂ ಅವನೇ. ಬೀದಿಯವರೆಲ್ಲ ಸೇರಿ ಫೈರ್ ಎಂಜಿನ್ ಬರುವಷ್ಟು ಜಾಗ ಬಿಡಬೇಕು, ವೈರಿಂಗ್ ಸರಿ ಮಾಡಿಸಬೇಕು, ಬೆಂಕಿ ಆರಿಸುವ ಸಿಲಿಂಡರ್ ಇಡಬೇಕು, ಬೇಗ ಹೊತ್ತಿಕೊಳ್ಳುವ ಸರಕು ಯಾವ ಮನೆಯಲ್ಲೂ ರಾಶಿ ಇರಬಾರದು. ಹಾಗೆ ಮಾಡಿದರೆ ಇಡೀ ಬೀದಿಗೆ ಒಂದೇ ಪಾಲಿಸಿ, ಎಲ್ಲರಿಗೂ ರಿಯಾಯಿತಿ. ಒಂದು ಮನೆ ತಪ್ಪಿದರೂ ಯಾರಿಗೂ ಇಲ್ಲ.

ಬಸವಪ್ರಭು ತುಮಕೂರಿನ ಸತ್ಯಮಂಗಲದಲ್ಲಿ ಪೈಪಿನ ಕಾರ್ಖಾನೆಯೊಂದರ ಸೇಫ್ಟಿ ಸೂಪರ್‌ವೈಸರ್. ಹಗಲೆಲ್ಲ ಕಾರ್ಖಾನೆಯಲ್ಲಿ ಹೆಲ್ಮೆಟ್ ಹಾಕ್ರಪ್ಪಾ ಅನ್ನುವುದು, ಸಂಜೆ ಬಸ್ಸಿಳಿದು ಬೀದಿಯಲ್ಲಿ ಬೈಕ್ ತೆಗೀರಪ್ಪಾ ಅನ್ನುವುದು. ಪಿಯುಸಿ ಓದುವ ಮಗಳು ಭೂಮಿಕಾ ಫಾರಂ ಹಿಡಿದು ಮನೆಮನೆಗೂ ಹೋಗಿ ಟಿಕ್ ಹಾಕಿಕೊಂಡು ಬಂದಳು. ಎದುರುಮನೆಯ ಭಾನುಪ್ರಿಯಾ ಬಾಗಿಲಲ್ಲೇ ಇಟ್ಟುಕೊಂಡಿದ್ದ ಇಡ್ಲಿ ಒಲೆಯನ್ನು ಹಿತ್ತಲಿಗೆ ಸಾಗಿಸಿದಳು, ಅದರಿಂದ ವ್ಯಾಪಾರ ಅರ್ಧಕ್ಕೆ ಬಿತ್ತು. ಪಕ್ಕದ ಮನೆಯ ಶಿವರಾಮಯ್ಯ ಅವರಪ್ಪನ ಕಾಲದ ಕಲ್ಲು ಜಗಲಿಯನ್ನು ಒಡೆಸಿ ಹಾಕಿ, ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಬಸವಪ್ರಭು ತನ್ನ ಮನೆಯ ಜಗಲಿಯನ್ನೂ ಒಡೆಸಿದ. ಅವನ ತಂದೆ ಪರಮಶಿವಯ್ಯ, ಕೊಬ್ಬರಿ ಮಂಡಿಯಲ್ಲಿ ನಲವತ್ತು ವರ್ಷ ಗುಮಾಸ್ತನಾಗಿದ್ದ ಮನುಷ್ಯ, ಅವತ್ತಿನಿಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಾನೆ.

ಇಷ್ಟಾದ ಮೇಲೆ ಉಳಿದದ್ದು ಅಟ್ಟ.

ಅವರ ಮನೆಯ ಮುಂದಿನ ಅರ್ಧಕ್ಕೆ ಸಾಲ ಮಾಡಿ ಮಹಡಿ ಎತ್ತಿದ್ದರು. ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿಗೆ ಹೋಗುವ ಇಬ್ಬರು ಹುಡುಗರು ಅಲ್ಲಿ ಬಾಡಿಗೆಗೆ ಇದ್ದರು. ಹಿಂದಿನ ಅರ್ಧ ಹಳೇ ಹೆಂಚಿನ ಮನೆ. ಅಡುಗೆಮನೆ, ಬಚ್ಚಲು, ಅವೆರಡರ ಮೇಲೆ ಹರಡಿಕೊಂಡ ಮರದ ಅಟ್ಟ. ಅಟ್ಟದ ಮೇಲೆ ಎರಡು ಸಾವಿರ ಸಿಪ್ಪೆಗಾಯಿ, ಅಂದರೆ ಸುಲಿಯದ ತೆಂಗಿನಕಾಯಿ. ಸಂಕ್ರಾಂತಿಗೆ ಮುಂಚೆ ಮೇಲಕ್ಕೆ ಹೋದ ಕಾಯಿ ಅಲ್ಲಾಡದೆ ಹತ್ತು ಹನ್ನೊಂದು ತಿಂಗಳು ಕೂತು, ಒಳಗಿನ ನೀರು ತಾನಾಗಿ ಇಂಗಿ, ದೀಪಾವಳಿ ಹೊತ್ತಿಗೆ ಉಂಡೆ ಕೊಬ್ಬರಿ ಆಗಬೇಕು. ಅವಸರ ಮಾಡಿದರೆ ಆಗುವ ಕೆಲಸ ಅದಲ್ಲ.

ಆ ಕಾಯಿ ಮನೆಯದಲ್ಲ, ಕರಿಬಸಮ್ಮನದು. ಅವಳ ತಂದೆ ಚೇಳೂರಿನ ಹತ್ತಿರ ಅರ್ಧ ಎಕರೆ, ಮೂವತ್ತು ತೆಂಗಿನಮರ ಅರಿಶಿನ ಕುಂಕುಮಕ್ಕೆ ಅಂತ ಮಗಳ ಹೆಸರಿಗೆ ಬರೆದುಕೊಟ್ಟಿದ್ದ. ಮದುವೆಯಾಗಿ ನಲವತ್ತೆಂಟು ವರ್ಷ, ಆ ಕೊಬ್ಬರಿ ದುಡ್ಡಿನ ಲೆಕ್ಕವನ್ನು ಗಂಡ ಕೇಳಿಲ್ಲ, ಮಗ ಕೇಳಿಲ್ಲ. ಕೇಳುವ ಪದ್ಧತಿ ಇಲ್ಲ. ಒಂದು ವರ್ಷ ಅದರಲ್ಲಿ ಗಂಡನ ಕಣ್ಣಿನ ಆಪರೇಷನ್ ಆಯಿತು, ಇನ್ನೊಂದು ವರ್ಷ ಭೂಮಿಕಾಳ ಕಿವಿಗೆ ಓಲೆ ಬಂತು. ಹೇಗೆ ಕೊಡಬೇಕು, ಯಾರಿಗೆ ಕೊಡಬೇಕು ಅನ್ನುವುದು ಮಾತ್ರ ಅವಳ ಇಷ್ಟ. ಈ ಮನೆಯಲ್ಲಿ ಅವಳ ಇಷ್ಟದಂತೆ ನಡೆಯುತ್ತಿದ್ದದ್ದು ಅದೊಂದೇ ಅಂದರೆ ತಪ್ಪಾಗಲಾರದು.

ಆಗಸ್ಟ್ ತಿಂಗಳ ಒಂದು ಸಂಜೆ ಊಟಕ್ಕೆ ಕೂತಾಗ ಬಸವಪ್ರಭು ಮಾತು ತೆಗೆದ. ಸೊಪ್ಪಿನ ಸಾರು, ಮುದ್ದೆ. ಅವನ ಹೆಂಡತಿ ಕಾವ್ಯ ಬಡಿಸುತ್ತಿದ್ದಳು.

"ಅಮ್ಮ, ಕಂಪನಿಯವ್ರು ನೋಡೋಕ್ ಬರೋದು ಈ ತಿಂಗಳ ಕೊನೆ ಗುರುವಾರ. ಅಷ್ಟರೊಳಗೆ ಅಟ್ಟ ಖಾಲಿ ಆಗ್ಬೇಕು."

"ಅಟ್ಟ ಖಾಲಿ ಆಗೋದು ದೀಪಾವಳಿ ಕಳೆದ್ಮೇಲೆ. ಪ್ರತಿ ವರ್ಷ ಹಂಗೇ ತಾನೆ?"

"ಈ ವರ್ಷ ಹಂಗಾಗಲ್ಲ ಕಣಮ್ಮ."

"ಕಾಯಿಗೆ ಹೇಳು. ಅದು ಕೇಳಿದ್ರೆ ನನ್ದೇನೂ ಅಭ್ಯಂತರ ಇಲ್ಲ," ಅಂದಳು ಕರಿಬಸಮ್ಮ.

ಭೂಮಿಕಾ ನಕ್ಕಳು. ಅಪ್ಪನ ಮುಖ ನೋಡಿ ಸುಮ್ಮನಾದಳು.

ಬಸವಪ್ರಭು ಸಮಾಧಾನವಾಗಿಯೇ ಹೇಳಿದ. ಒಣ ಸಿಪ್ಪೆ, ಹಳೇ ಮರ, ಕೆಳಗೆ ಗ್ಯಾಸು. ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಇಟ್ಟಿದ್ದರೆ ಅವನೇ ಕೆಲಸದಿಂದ ತೆಗೆಸುತ್ತಿದ್ದ. ಒಂದು ಕಿಡಿ ಸಾಕು, ವೀರಭದ್ರಯ್ಯನ ಮನೆ ಹೋದದ್ದು ಹೀಗೇ ಅಲ್ಲವೇ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕರಿಬಸಮ್ಮ ಹೇಳಿದ್ದರಲ್ಲೂ ಇರಲಿಲ್ಲ. ಬಚ್ಚಲ ಹಂಡೆ ಒಲೆ ತೆಗೆಯಿರಿ ಅಂದಾಗ ಅವಳು ಎದುರಾಡಿರಲಿಲ್ಲ. ಗೀಸರಿನ ನೀರಲ್ಲಿ ಮೈ ಬೆಚ್ಚಗಾಗುವುದಿಲ್ಲ ಅಂತ ಗೊಣಗುತ್ತಲೇ ಸ್ನಾನ ಮಾಡುತ್ತಿದ್ದಾಳೆ. ಒಲೆಯ ಬಿಸಿಯಿಲ್ಲದೆ ಕಾಯಿ ಒಣಗುವುದೂ ತಡ. ಬೇರೆ ಕಡೆ ಸಾಗಿಸೋಣ ಅಂದರೆ ಚೇಳೂರಲ್ಲಿ ಪಂಪ್‌ಸೆಟ್ ಮನೆ ಬಿಟ್ಟು ಒಂದು ಗೂಡೂ ಇಲ್ಲ, ಮಳೆಗಾಲದಲ್ಲಿ ಕಾಯಿ ಎತ್ತಿ ಕುಕ್ಕಿದರೆ ಅರ್ಧ ಮೊಳಕೆ ಬರುತ್ತದೆ, ಇನ್ನರ್ಧ ಕೊಳೆಯುತ್ತದೆ.

"ಮೂರು ತಿಂಗಳು ತಡ್ಕೊ ಪ್ರಭು. ಆಮೇಲೆ ಈ ಅಟ್ಟಕ್ಕೆ ಒಂದು ಕಾಯಿ ಹತ್ತಿಸಲ್ಲ. ಮಾತು ಕೊಡ್ತೀನಿ."

"ಕಂಪನಿಯವ್ರು ತಡ್ಕೊಳಲ್ವಲ್ಲಮ್ಮ."

"ಹಂಗಾರೆ ಅವ್ರಿಗೆ ಹೇಳು, ನಮ್ಮಮ್ಮ ಒಪ್ಪಲಿಲ್ಲ ಅಂತ."

ಅಲ್ಲಿಗೆ ಆ ದಿನದ ಮಾತು ನಿಂತಿತು. ಆದರೆ ಊಟದ ಹೊತ್ತಿಗೆಲ್ಲ ಅದೇ ಮಾತು. ಒಂದು ದಿನ ಅವನು ದನಿ ಎತ್ತಿದ, ಒಂದು ದಿನ ಅವಳು ತಟ್ಟೆ ಬಿಟ್ಟು ಎದ್ದಳು. ಕಾವ್ಯಳಿಗೆ ಇಬ್ಬರ ತಟ್ಟೆಗೂ ಬಡಿಸಿ ಬಡಿಸಿ ಸಾಕಾಗಿತ್ತು. ಬೆಳಿಗ್ಗೆ ಖಾಸಗಿ ಶಾಲೆಯ ಕೆಲಸ, ಸಂಜೆ ಈ ಪಂಚಾಯ್ತಿ. ಅಟ್ಟದಿಂದ ಹಿಟ್ಟಿನ ಡಬ್ಬಕ್ಕೆ ಉದುರುವ ಧೂಳು, ಇಲಿಯ ಹಿಕ್ಕೆ ಇವುಗಳನ್ನು ಗುಡಿಸುತ್ತ ಹದಿನೆಂಟು ವರ್ಷ ಕಳೆದವಳು ಅವಳು. ಅಟ್ಟ ಖಾಲಿಯಾದರೆ ಅವಳಿಗಿಂತ ಖುಷಿ ಪಡುವವರು ಇರಲಿಲ್ಲ. ಹಾಗಂತ ಬಾಯಿ ಬಿಟ್ಟು ಹೇಳುವಂತೆಯೂ ಇರಲಿಲ್ಲ.

ಎರಡನೇ ಶನಿವಾರ ಬೀದಿಯವರ ಸಭೆ ಮಠದ ಪಡಸಾಲೆಯಲ್ಲಿ ಸೇರಿತು. ಬಸವಪ್ರಭು ಪಟ್ಟಿ ಓದಿದ. ಆಯಿತು, ಆಯಿತು, ಆಯಿತು ಅಂತ ಎಲ್ಲರೂ ತಲೆಯಾಡಿಸಿದರು. ಶಿವರಾಮಯ್ಯ ಮಾತ್ರ ಕಂಬಕ್ಕೆ ಒರಗಿ ಕೂತವನು ಕೊನೆಯಲ್ಲಿ ಬಾಯಿ ತೆರೆದ.

"ನಿಮ್ಮಟ್ಟದ ಕಥೆ ಏನಾಯ್ತಪ್ಪ?"

"ಆಗುತ್ತೆ ಶಿವರಾಮಣ್ಣ."

"ನಮ್ಮಪ್ಪ ಕೂತು ಸತ್ತ ಜಗಲಿ ಅದು. ನೀನು ಹೇಳ್ದೆ ಅಂತ ಒಡೆಸ್ದೆ. ನೀನು ನಿಮ್ಮಮ್ಮಂಗೆ ಹೇಳಕ್ಕಾಗಲ್ಲ ಅಂದ್ರೆ ನಂಗ್ಯಾಕಪ್ಪ ಹೇಳಿದ್ದು?"

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಬಸವಪ್ರಭುವಿಗೆ ಕಿವಿಯ ತನಕ ಬಿಸಿಯೇರಿತು. ಗುರುವಾರದೊಳಗೆ ಅಟ್ಟ ಖಾಲಿ ಇರುತ್ತದೆ ಅಂತ ಅಷ್ಟು ಜನರ ಮುಂದೆ ಹೇಳಿ ಎದ್ದು ಬಂದ.

ಮನೆಗೆ ಬಂದವನು ಹೆಂಡತಿಯ ಹತ್ತಿರ ತನ್ನ ಯೋಚನೆ ಹೇಳಿದ. ಕರಿಬಸಮ್ಮ ಪ್ರತಿ ವರ್ಷ ಕಡೇ ಶ್ರಾವಣ ಸೋಮವಾರಕ್ಕೆ ಕುಣಿಗಲ್ಲಿಗೆ, ಮಗಳು ಪಲ್ಲವಿಯ ಮನೆಗೆ ಹೋಗಿ ಎರಡು ದಿನ ಇದ್ದು ಬರುತ್ತಾಳೆ. ಆ ಸೋಮವಾರ ರಜ ಹಾಕಿ ಮುಗಿಸಿಬಿಡುತ್ತೇನೆ ಅಂದ. ಕಾವ್ಯ ಒಗೆದ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಈ ವರ್ಷದ ಕೊಬ್ಬರಿ ದುಡ್ಡು ಪಲ್ಲವಿ ಬಿ.ಎಡ್ ಫೀಸಿಗೆ ಅಂತ ಅತ್ತೆ ಇಟ್ಕೊಂಡವ್ರೆ. ಎರಡ್ನೇ ವರ್ಷದ್ದು. ನವೆಂಬರ್ ಕೊನೇಲಿ ಕಟ್ಬೇಕು."

"ನಿಂಗೆ ಯಾರು ಹೇಳಿದ್ರು?"

"ಪಲ್ಲವಿನೇ ಹೇಳಿದ್ಲು. ಅವರ ಮನೇಲಿ ಮೂವತ್ತಾರು ವರ್ಷಕ್ಕೆ ಇನ್ನೇನು ಓದು ಅಂತಾರಂತೆ. ಒಂದು ಸಲ ಅತ್ತೇನ ಕೇಳಿ ನೋಡಿ."

ಅವನು ಮಡಿಸಿಟ್ಟ ಬಟ್ಟೆಯನ್ನು ಎತ್ತಿ ಬೀರುವಿನಲ್ಲಿ ಇಟ್ಟ. ಆಮೇಲೆ, ಅಮ್ಮನಿಗೆ ಎಷ್ಟು ಬರುತ್ತಿತ್ತೋ ಅಷ್ಟನ್ನೂ ನಾನೇ ಕೊಡುತ್ತೇನೆ, ಒಂದು ರೂಪಾಯಿ ಕಡಿಮೆ ಮಾಡುವುದಿಲ್ಲ, ಕೇಳಿದರೆ ಇನ್ನೊಂದು ಜಗಳ ಅಷ್ಟೇ ಅಂದ. ಅವನು ಕೆಟ್ಟವನಲ್ಲ. ದಣಿದಿದ್ದ. ದಣಿದ ಮನುಷ್ಯನಿಗೆ ಹತ್ತಿರದ ದಾರಿಯೇ ಸರಿಯಾದ ದಾರಿ ಅನ್ನಿಸಿಬಿಡುತ್ತದೆ.

ಭಾನುವಾರ ಬೆಳಿಗ್ಗೆ ಕರಿಬಸಮ್ಮ ಮೊಮ್ಮಕ್ಕಳಿಗೆ ಅಂತ ಚಕ್ಕುಲಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಸೋಮವಾರ ಎಂಟು ಗಂಟೆಗೆ ಮಂಡಿಯಿಂದ ನಾಲ್ಕು ಜನ ಹಮಾಲಿಗಳು ಬಂದರು. ಪರಮಶಿವಯ್ಯ ಕುರ್ಚಿ ಬಿಟ್ಟು ಒಳಗೆ ಬಂದು ನೋಡಿದ. ಏನೋ ಹೇಳುವವನಂತೆ ನಿಂತ. ಏಣಿ ಜಾರುತ್ತಿತ್ತು, ಅದನ್ನು ಹಿಡಿದುಕೊಂಡ. ಆಮೇಲೆ ಕೊನೆಯ ಕಾಯಿ ಇಳಿಯುವ ತನಕ ಹಿಡಿದುಕೊಂಡೇ ಇದ್ದ.

ಟೆಂಪೋದ ಹತ್ತಿರ ನಿಂತ ವ್ಯಾಪಾರಿ ಹತ್ತಾರು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒಣಗಿದ ಕೆಲವು ಗಡಗಡ ಅಂದವು, ಬಹಳಷ್ಟರಲ್ಲಿ ಇನ್ನೂ ನೀರು ಕುಲುಕುತ್ತಿತ್ತು. ಅತ್ತ ತೆಂಗಿನಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ.

"ಇನ್ನೊಂದ್ ಮೂರು ತಿಂಗ್ಳು ಬುಟ್ಟಿದ್ರೆ ಒಳ್ಳೆ ಮಾಲು ಆಗೋದು ಸ್ವಾಮಿ," ಅಂದ ಅವನು. "ಈಗ ಎಣ್ಣೆಗೆ ಹಾಕ್ಬೇಕು ಅಷ್ಟೇ."

ಎಪ್ಪತ್ತು ಸಾವಿರ ಬರಬೇಕಾದ ಕಡೆ ಇಪ್ಪತ್ತೆರಡು ಬಂತು. ಬಸವಪ್ರಭು ಚೌಕಾಸಿ ಮಾಡಲಿಲ್ಲ.

ಕಾವ್ಯ ಹಮಾಲಿಗಳಿಗೆ ಚಿತ್ರಾನ್ನ ಮಾಡಿಕೊಟ್ಟಳು, ಅಟ್ಟ ಗುಡಿಸಿದಳು, ಫಿನಾಯಿಲ್ ಹಾಕಿ ಒರೆಸಿದಳು. ನಡುವೆ ಎರಡು ಸಲ ಫೋನು ಕೈಗೆತ್ತಿಕೊಂಡು ಅತ್ತೆಯ ನಂಬರು ತೆಗೆದಳು. ಮೂರನೇ ಸಲ ಫೋನು ಮಾಡಿಯೇಬಿಟ್ಟಳು. ಆಚೆಯಿಂದ ಅತ್ತೆಯ ದನಿ ಕೇಳಿದ ಮೇಲೆ, ಊಟ ಆಯ್ತಾ ಅತ್ತೆ ಅಂತ ಕೇಳಿ ಇಟ್ಟುಬಿಟ್ಟಳು. ಇದೊಂದು ವಿಷಯಕ್ಕೆ ಅವಳು ತನ್ನನ್ನು ತಾನು ಬಹಳ ದಿನ ಕ್ಷಮಿಸಲಿಲ್ಲ.

ಮಂಗಳವಾರ ಸಂಜೆ ಕರಿಬಸಮ್ಮ ಬಂದಳು. ಕಾಲು ತೊಳೆಯಲು ಬಚ್ಚಲಿಗೆ ಹೋದವಳಿಗೆ ಫಿನಾಯಿಲ್ ವಾಸನೆ ಬಡಿಯಿತು. ಕತ್ತೆತ್ತಿ ನೋಡಿದಳು. ಹೆಂಚಿನ ಸಂದಿಯಿಂದ ಬೆಳಕು ಬಂದು ಅಟ್ಟದ ಹಲಗೆ ತೊಳೆದಿಟ್ಟಂತೆ ಕಾಣುತ್ತಿತ್ತು. ಅವಳು ಅರಚಲಿಲ್ಲ, ಅಳಲಿಲ್ಲ. ಕಾಲು ತೊಳೆದು, ಸೆರಗಿನಲ್ಲಿ ಮುಖ ಒರೆಸಿಕೊಂಡು ನಡುಮನೆಗೆ ಬಂದು ಕೂತಳು. ಬಸವಪ್ರಭು ಕಾಯಿ ಮಾರಿದ ದುಡ್ಡಿನ ಕವರು ಮುಂದೆ ಇಟ್ಟು ತಾನು ಕಟ್ಟಿಕೊಂಡು ಬಂದಿದ್ದ ಮಾತನ್ನೆಲ್ಲ ಹೇಳಿದ. ಬೀದಿಯವರ ಮಾತು, ಕಂಪನಿಯವರ ಗಡುವು, ಕಡಿಮೆ ಬಿದ್ದದ್ದನ್ನು ಸೇರಿಸಿ ಕೊಡುವುದು. ಅವಳು ಪೂರ್ತಿ ಕೇಳಿದಳು.

"ಏಣಿ ಯಾರು ಹಿಡ್ಕೊಂಡಿದ್ರು?" ಅಂತ ಒಂದೇ ಮಾತು ಕೇಳಿದಳು.

ಪರಮಶಿವಯ್ಯ ಪೇಪರಿನ ಅದೇ ಪುಟವನ್ನು ಮತ್ತೆ ಓದತೊಡಗಿದ. ಕರಿಬಸಮ್ಮ ಕವರನ್ನು ಅಲ್ಲೇ ಬಿಟ್ಟು ಎದ್ದು ಅಡುಗೆಮನೆಗೆ ಹೋಗಿ, ಬೆಳಿಗ್ಗೆಗೆ ಅಕ್ಕಿ ಆರಿಸಲು ಕೂತಳು.

ಗುರುವಾರ ಎಲ್ಲವೂ ಚೆನ್ನಾಗಿ ನಡೆಯಿತು. ಕಂಪನಿಯ ಇಬ್ಬರು ಅಧಿಕಾರಿಗಳು ಮನೆಮನೆಗೂ ಹೋಗಿ ಸ್ವಿಚ್ ಬೋರ್ಡು ನೋಡಿದರು, ಅಟ್ಟಕ್ಕೆ ಟಾರ್ಚ್ ಬಿಟ್ಟರು. ಪರೀಕ್ಷೆಗೆ ಅಂತ ಫೈರ್ ಎಂಜಿನ್ನನ್ನೂ ಕರೆಸಿದ್ದರು. ಅದು ಎಲ್ಲೂ ತಡೆಯದೆ ಬೀದಿಯುದ್ದಕ್ಕೂ ಬಂದು ವೀರಭದ್ರಯ್ಯನ ಸುಟ್ಟ ಮನೆಯ ಮುಂದೆ ನಿಂತಾಗ ಜನ ಚಪ್ಪಾಳೆ ತಟ್ಟಿದರು. ಶಿವರಾಮಯ್ಯ ಬಂದು ಬಸವಪ್ರಭುವಿನ ಭುಜ ಹಿಡಿದು, ಬಾ ಕಾಫಿ ಕುಡಿ ಅಂದ. ಆ ಬೀದಿಯಲ್ಲಿ ಇನ್ನೊಂದು ಮನೆ ಹಾಗೆ ಸುಡುವುದಿಲ್ಲ ಅನ್ನುವುದು ಸಣ್ಣ ಮಾತಲ್ಲ. ಅದನ್ನು ಮಾಡಿದವನು ಅವನು. ಯಾರೂ ಅದನ್ನು ಅವನಿಂದ ಕಿತ್ತುಕೊಳ್ಳುವಂತಿಲ್ಲ.

ಹದಿನೈದು ದಿನಕ್ಕೆ ರವೀಶ್ ಪಾಲಿಸಿ ತಂದುಕೊಟ್ಟ. ಅವರ ಮನೆಗೆ ವರ್ಷಕ್ಕೆ ಮೂರು ಸಾವಿರದ ಎಂಟುನೂರು ರೂಪಾಯಿ ಕಡಿಮೆಯಾಗಿತ್ತು. ಭೂಮಿಕಾ ಜೋರಾಗಿ ಓದಿ ಹೇಳಿದಳು. ಸೊಪ್ಪು ಬಿಡಿಸುತ್ತಿದ್ದ ಕರಿಬಸಮ್ಮ, "ಒಳ್ಳೇದಾಯ್ತು ಬುಡು," ಅಂದಳು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಬಸವಪ್ರಭುವಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮನೆಯಲ್ಲಿ ಜಗಳ ನಿಂತುಹೋಯಿತು. ಜಗಳದ ಜೊತೆಗೆ ಬೇರೆ ಏನೇನೋ ನಿಂತವು. ಮೊದಲೆಲ್ಲ ಮಗ ಬಸ್ಸಿಳಿದು ಬರುವ ತನಕ ಕರಿಬಸಮ್ಮ ಊಟ ಮಾಡುತ್ತಿರಲಿಲ್ಲ, ಈಗ ಏಳಕ್ಕೇ ಉಂಡು ಮಲಗುತ್ತಾಳೆ. ಸಾರಿಗೆ ಉಪ್ಪು ನೋಡಿ ಅತ್ತೆ ಅಂತ ಕಾವ್ಯ ಅಂದರೆ, ನೀನೇ ನೋಡಮ್ಮ ಅನ್ನುತ್ತಾಳೆ. ಗಂಡನಿಗೆ ಕಾಫಿ ಕೊಡುತ್ತಾಳೆ, ಲೋಟ ಕೈಗೆ ಕೊಡದೆ ಪಕ್ಕದಲ್ಲಿ ಇಟ್ಟು ಹೋಗುತ್ತಾಳೆ. ಅಜ್ಜಿ ನಿಂಗೆ ಅಪ್ಪನ ಮೇಲೆ ಕೋಪನಾ ಅಂತ ಭೂಮಿಕಾ ಕೇಳಿದಾಗ, ಕೋಪ ಮಾಡಿಕೊಳ್ಳುವ ವಯಸ್ಸು ಎಲ್ಲಿದೆ ಮಗಳೇ ಅಂದಳಂತೆ.

ದಸರಾ ಮುಗಿದ ವಾರ ಬಸವಪ್ರಭು ಕಾರ್ಖಾನೆಯ ಸೊಸೈಟಿಯಲ್ಲಿ ಸಾಲ ಎತ್ತಿ, ಅದನ್ನೂ ಕಾಯಿ ಮಾರಿದ ದುಡ್ಡನ್ನೂ ಸೇರಿಸಿ ಎಪ್ಪತ್ತು ಸಾವಿರ ಪೂರ್ತಿ ಮಾಡಿ ತಾಯಿಯ ಮುಂದೆ ಇಟ್ಟ. ಅವಳು ಕವರು ಮುಟ್ಟಲಿಲ್ಲ. ಇದು ನಿನ್ನ ದುಡ್ಡು ಪ್ರಭು, ನಿನ್ನ ಹತ್ತಿರಾನೇ ಇರಲಿ ಅಂದಳು. ಅವನು ಹಟಕ್ಕೆ ಬಿದ್ದ. ಭಾನುವಾರ ಬೆಳಿಗ್ಗೆ ತುಮಕೂರಿಗೆ ಹೋಗಿ ಅಲ್ಲಿಂದ ಕುಣಿಗಲ್ ಬಸ್ಸು ಹತ್ತಿ ತಂಗಿಯ ಮನೆ ಬಾಗಿಲಲ್ಲಿ ನಿಂತ.

ಪಲ್ಲವಿ ಉಪ್ಪಿಟ್ಟು ಮಾಡಿಕೊಟ್ಟಳು. ಅವಳ ಗಂಡ ಬಸವರಾಜ್ ಗೊಬ್ಬರದ ಅಂಗಡಿಗೆ ಹೋಗಿದ್ದ, ಅತ್ತೆ ಹೊರಗೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಪಲ್ಲವಿ ದಿನಾ ಬೆಳಿಗ್ಗೆ ಆರಕ್ಕೆ ಅಡುಗೆ ಮುಗಿಸಿ ಬಸ್ಸಿನಲ್ಲಿ ತುಮಕೂರಿನ ಕಾಲೇಜಿಗೆ ಹೋಗಿ ಬರುವವಳು, ಕಣ್ಣು ಗುಳಿಬಿದ್ದಿದ್ದವು. ಅಣ್ಣ ಕವರು ತೆಗೆದಾಗ ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಬೇಡ ಅಣ್ಣ. ಒಳಗಿಡು."

"ಅಮ್ಮ ಕೊಡ್ಬೇಕಾಗಿದ್ದೇ ಇದು. ನನ್ನಿಂದ ತಪ್ಪೋಯ್ತು, ನಾನ್ ಕೊಡ್ತಿದೀನಿ."

"ನೀನ್ ಕೊಟ್ರೆ ಇವ್ರು ಬೇಡ ಅಂತಾರೆ. ಹೆಂಡ್ತಿ ಅಣ್ಣನ ದುಡ್ಡಲ್ಲಿ ಹೆಂಡ್ತೀನ ಓದಿಸ್ದ ಅಂತ ಅಂಗಡಿ ಬಾಗ್ಲಲ್ಲಿ ಅನ್ನಿಸ್ಕೋಬೇಕಲ್ಲ. ನಾಳೆ ನಾನ್ ಫೇಲಾದ್ರೆ ಎರಡು ಮನೇಲೂ ತಲೆ ತಗ್ಗಿಸ್ಬೇಕು. ಅಮ್ಮನ ಕೊಬ್ಬರಿ ದುಡ್ಡು ಹಂಗಲ್ಲ. ತಾತ ಅಮ್ಮಂಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿದ್ದು, ಅಮ್ಮ ನಂಗೆ ಕೊಡ್ತಿದ್ಲು. ಅದನ್ನ ಯಾಕೆ ಅಂತ ಯಾರೂ ಕೇಳೋ ಹಂಗಿಲ್ಲ. ನಮ್ಮತ್ತೇನೂ ಕೇಳ್ತಿರ್ಲಿಲ್ಲ."

"ದುಡ್ಡು ಯಾರ್ದಾದ್ರೂ ದುಡ್ಡೇ ಅಲ್ವೇನೇ?"

"ಅಲ್ಲ ಅಣ್ಣ," ಅಂದಳು ಪಲ್ಲವಿ.

ಅವಳು ಅಳುತ್ತಾಳೇನೋ ಅಂದುಕೊಂಡ. ಅವಳು ಅಳಲಿಲ್ಲ, ಇನ್ನೊಂದು ಚೂರು ಉಪ್ಪಿಟ್ಟು ಹಾಕಿದಳು. ಈ ವರ್ಷ ಕಟ್ಟಲಾಗದಿದ್ದರೆ ಅರ್ಧಕ್ಕೆ ನಿಲ್ಲಿಸುತ್ತೇನೆ, ಇಷ್ಟು ದಿನ ಹೋಗಿ ಬಂದದ್ದೇ ಒಂದು ಖುಷಿ ಅಂದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಬಸವಪ್ರಭುವಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕುಣಿಗಲ್ ಕೆರೆ ತುಂಬಿ ನಿಂತಿತ್ತು. ಅವನು ಅದನ್ನು ನೋಡಲಿಲ್ಲ. ಮಾರನೇ ದಿನ ಸೊಸೈಟಿಗೆ ಸಾಲ ವಾಪಸ್ಸು ಕಟ್ಟಿ, ಕಾಯಿ ಮಾರಿದ ಇಪ್ಪತ್ತೆರಡು ಸಾವಿರವನ್ನು ಬೀರುವಿನಲ್ಲಿ ಇಟ್ಟ. ಅದನ್ನು ಯಾರೂ ಮುಟ್ಟಲಿಲ್ಲ.

ದೀಪಾವಳಿ ಬಂತು, ಹೋಯಿತು. ಕಾರ್ತಿಕ ಮಾಸದ ನಡುವೆ ಒಂದು ಬುಧವಾರ ಕಾವ್ಯ ಶಾಲೆಗೆ ಅರ್ಧ ದಿನ ರಜ ಹಾಕಿ ಅತ್ತೆಯನ್ನು ಕರೆದುಕೊಂಡು ಹೊರಗೆ ಹೋದಳು. ಕಣ್ಣು ತೋರಿಸಿಕೊಂಡು ಬರ್ತೀವಿ ಅಂತ ಹೇಳಿ ಹೋಗಿದ್ದರು. ಮಧ್ಯಾಹ್ನ ಬರುವಾಗ ಜೊತೆಯಲ್ಲಿ ಭಾನುಪ್ರಿಯಾ ಇದ್ದಳು. ಪರಮಶಿವಯ್ಯ ಕುರ್ಚಿಯಲ್ಲಿ ಕೂತು ನೋಡಿದ, ಹೆಂಗಸರು ಮೂವರೂ ಅವನನ್ನು ದಾಟಿ ಒಳಗೆ ಹೋದರು.

ಆ ದಿನ ಕರಿಬಸಮ್ಮ ಏಳಕ್ಕೆ ಊಟ ಮಾಡಲಿಲ್ಲ. ಮಗ ಬರುವ ತನಕ ಕಾದಳು. ಅವರೆಕಾಳು ಸಾರಿಗೆ ಅವಳೇ ಒಗ್ಗರಣೆ ಹಾಕಿದಳು. ಬಸವಪ್ರಭು ಕೈಕಾಲು ತೊಳೆದು ಬಂದು, ತಾಯಿ ತಟ್ಟೆ ಹಾಕಿಕೊಂಡು ಕೂತಿರುವುದನ್ನು ನೋಡಿ, ಏನೋ ಸರಿಹೋಯಿತು ಅಂದುಕೊಂಡ. ಅವನ ಮುಖದಲ್ಲಿ ಬಹಳ ದಿನಕ್ಕೆ ಒಂದು ಕಳೆ ಬಂತು. ಕಾವ್ಯ ಅದನ್ನು ನೋಡಲಾರದೆ ಮುದ್ದೆ ಕಟ್ಟುವ ನೆಪದಲ್ಲಿ ಆ ಕಡೆ ತಿರುಗಿದಳು.

ನಾಲ್ಕು ತುತ್ತು ಆದಮೇಲೆ ಕರಿಬಸಮ್ಮ ಹೇಳಿದಳು. ಅದೇ ದನಿ, ನಾಳೆ ಏನು ತಿಂಡಿ ಅನ್ನುವಂಥ ದನಿ.

"ಚೇಳೂರು ತೋಟ ಪಲ್ಲವಿ ಹೆಸರಿಗೆ ಮಾಡ್ದೆ. ಬೆಳಿಗ್ಗೆ ರಿಜಿಸ್ಟ್ರಾಫೀಸಲ್ಲಿ ಆಯ್ತು. ಅವಳೂ ಬಂದಿದ್ಲು, ಸೈನ್ ಹಾಕಿ ಹಂಗೇ ಕಾಲೇಜಿಗೆ ಹೋದ್ಲು."

ಪರಮಶಿವಯ್ಯ ನೀರಿನ ಲೋಟ ಕೆಳಗಿಟ್ಟ. "ನಂಗೂ ಒಂದು ಮಾತು ಹೇಳ್ಲಿಲ್ವಲ್ಲೇ."

"ಹೇಳ್ಲಿಲ್ಲ," ಅಂದಳು ಅವಳು, ಅದನ್ನು ಒಪ್ಪಿಕೊಳ್ಳುವವಳಂತೆ. "ಎರಡು ವರ್ಷದ ಫಸಲು ಅಲ್ಲಿಯವರಿಗೆ ಗುತ್ತಿಗೆ ಕೊಟ್ಟವ್ಳೆ. ಅದರಲ್ಲಿ ಫೀಸ್ ಕಟ್ಕೋತಾಳೆ. ಅವಳ ಮರ, ಅವಳ ಕಾಯಿ. ಅವಳ ಮನೆಯವ್ರೂ ಏನೂ ಅನ್ನೋ ಹಂಗಿಲ್ಲ."

"ಸಾಕ್ಷಿ ಯಾರು ಹಾಕಿದ್ರು?" ಅಂತ ಕೇಳಿದ ಬಸವಪ್ರಭು. ಯಾಕೆ ಅದನ್ನೇ ಕೇಳಿದನೋ ಅವನಿಗೂ ತಿಳಿಯಲಿಲ್ಲ.

"ಭಾನುಪ್ರಿಯಾ ಹಾಕಿದ್ಲು. ಇನ್ನೊಂದು ನಾನು," ಅಂದಳು ಕಾವ್ಯ, ಒಲೆಯ ಕಡೆಯಿಂದ ತಿರುಗದೆ.

ಭೂಮಿಕಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬಸವಪ್ರಭುವಿಗೆ ಭೂಮಿ ಹೋಯಿತೆಂದು ದುಃಖವಾಗಲಿಲ್ಲ. ತಂಗಿಗೆ ಹೋಗಲಿ, ಅವನಿಗೆ ಅದರ ಮೇಲೆ ಯಾವತ್ತೂ ಆಸೆ ಇರಲಿಲ್ಲ. ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲಮ್ಮ ಅನ್ನಬೇಕೆಂದು ಬಾಯಿ ತೆರೆದ. ಆ ಮಾತು ಅರ್ಧ ದಾರಿಗೆ ಬಂದು, ತಾನು ಎಂಥ ಮಾತೆಂದು ತಾನೇ ತಿಳಿದುಕೊಂಡು ನಿಂತುಬಿಟ್ಟಿತು. ಬಾಯಿ ಮುಚ್ಚಿಕೊಂಡ.

ಕರಿಬಸಮ್ಮ ಅದನ್ನು ನೋಡಿದಳು. ಅವಳಿಗೆ ಮಗನ ಮೇಲೆ ಕನಿಕರವಾಯಿತು. ಬಹಳ ಸುಸ್ತಾದ ಕನಿಕರ.

"ಮನೆ ಉಳೀಲಿ ಅಂತ ನೀನು ಮಾಡ್ದೆ ಪ್ರಭು. ನಾನು ತಪ್ಪು ಅನ್ನಲ್ಲ. ವೀರಭದ್ರಯ್ಯನ ಹೆಂಡ್ತಿ ಬೀದೀಲಿ ಕೂತಿದ್ದನ್ನ ನಾನೂ ನೋಡಿದೀನಿ." ಅವಳು ತುತ್ತು ಮುರಿದು ಸಾರಿನಲ್ಲಿ ಅದ್ದಿ, ಬಾಯಿಗೆ ಇಡದೆ ಹಾಗೇ ಹಿಡಿದುಕೊಂಡಳು. "ಇನ್ನು ಈ ಮನೇಲಿ ನಂದು ಅಂತ ಏನೂ ಇಲ್ಲ. ನೀನು ನಂಗ್ ಹೇಳ್ದೆ ತೆಗೆಯೋವಂಥದ್ದು ಯಾವ್ದೂ ಇಲ್ಲ. ಇಬ್ರೂ ನೆಮ್ಮದಿಯಾಗಿ ಇದ್ಬಿಡೋಣ."

ಕಾವ್ಯ ಬಿಸಿ ಮುದ್ದೆ ತಂದು ಗಂಡನ ತಟ್ಟೆಗೆ ಹಾಕಿದಳು, ಕರಿಬಸಮ್ಮ ಸೌಟು ತೆಗೆದುಕೊಂಡು ಅದರ ಮೇಲೆ ಸಾರು ಬಿಟ್ಟಳು.

"ಉಣ್ಣು, ಆರೋಗುತ್ತೆ," ಅಂದಳು.

ಬಸವಪ್ರಭು ಮುದ್ದೆ ಮುರಿದ. ತಾಯಿ ನೋಡುತ್ತಿದ್ದಳು ಅಂತ ನುಂಗಿದ.